ಸ್ಟಾರ್ ಆಟಗಾರರ ಪಕ್ಕ ಎಂಥ ಪಾಯಿಂಟ್ ಗಾರ್ಡ್ ಇರಬೇಕು? ಬಕ್ಸ್ ಮಾಡಿದ್ದು ಸರಿನಾ, ತಪ್ಪಾ?

ಜಯನಗರ ಜಂಪರ್

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಶುರುವಾದ ವಾದ ಬೆಳಿಗ್ಗೆ ತಿಂಡಿ ಹೊತ್ತಿಗೂ ಮುಗಿದಿಲ್ಲ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ನನಗೂ ನನ್ನ ತಮ್ಮನಿಗೂ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಮಿಲ್ವಾಕೀ ಬಕ್ಸ್ ತಂಡ ಅಂದರೆ ಪ್ರಾಣ. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಪಾಯಿಂಟ್ ಗಾರ್ಡ್ (ಬಾಲ್ ತಂದು ಆಟ ನಡೆಸುವವನು) ಜ್ರೂ ಹಾಲಿಡೇನನ್ನು ಬಿಟ್ಟುಕೊಟ್ಟು ಡೇಮಿಯನ್ ಲಿಲ್ಲರ್ಡ್‌ನನ್ನು ತಂದರಲ್ಲ, ಅದರ ಬಗ್ಗೆನೇ ವಾದ. ನಮ್ಮ ದೊಡ್ಡ ಸ್ಟಾರ್ ಯಾನಿಸ್. ತಮ್ಮ ಹೇಳೋದು: "ಯಾನಿಸ್ ಪಕ್ಕ ಅಂಥ ಶೂಟರ್ ಸಿಗ್ತಾನೆ ಅಂದ್ರೆ ಯಾರು ಬಿಡ್ತಾರೆ? ಅದೃಷ್ಟ ಕೈ ಕೊಡ್ತು ಅಷ್ಟೇ." ನಾನು ಹೇಳೋದು: ಯಾನಿಸ್‌ಗೂ ಇನ್ನೊಬ್ಬ ಸ್ಟಾರ್ ಮಿಡಲ್ಟನ್‌ಗೂ ಬೇಕಾಗಿದ್ದು ಮೂರನೇ ಸ್ಟಾರ್ ಅಲ್ಲ. ಇವರಿಬ್ಬರೂ ಮಾಡದ ಕೆಲಸ ಮಾಡೋನು. ಅಂಥವನು, ಹಾಲಿಡೇ, ನಮ್ಮ ಕೈಯಲ್ಲೇ ಇದ್ದ.

ಬಕ್ಸ್‌ನಲ್ಲಿ ಏಳೆಂಟು ವರ್ಷದಲ್ಲಿ ಮೂರು ಥರದ ಪಾಯಿಂಟ್ ಗಾರ್ಡ್ ಬಂದು ಹೋದರು. ಮೊದಲು ಎರಿಕ್ ಬ್ಲೆಡ್ಸೋ, ಆಮೇಲೆ ಹಾಲಿಡೇ, ಆಮೇಲೆ ಲಿಲ್ಲರ್ಡ್. ಮೂವರ ಕಾಲದಲ್ಲೂ ಯಾನಿಸ್ ಯಾನಿಸ್ಸೇ. ಲೀಗ್ ಚಾಂಪಿಯನ್ ಕಪ್ ಬಂದಿದ್ದು ಒಬ್ಬನ, ಹಾಲಿಡೇ ಕಾಲದಲ್ಲಿ ಮಾತ್ರ. ಒಬ್ಬ ದೊಡ್ಡ ಆಟಗಾರನ ಪಕ್ಕ ಪಾಯಿಂಟ್ ಗಾರ್ಡ್ ಆರಿಸುವಾಗ ನೀವಾದರೆ ಏನು ನೋಡುತ್ತೀರಿ?

ಮಂಡ್ಯ ಹುಡುಗ

ನಿಮ್ಮ ತಮ್ಮನೇ ಸರಿ.

ತುಮಕೂರು ಥ್ರೀ

ಇಲ್ಲ, ಅಣ್ಣನೇ ಸರಿ. ಆದರೆ ಕಥೆ ಬ್ಲೆಡ್ಸೋನಿಂದ ಶುರು ಮಾಡಬೇಕು.

2018-19ರಲ್ಲಿ ಬಕ್ಸ್ 60 ಪಂದ್ಯ ಗೆದ್ದಿತ್ತು, ಸೋತಿದ್ದು 22. ಈಸ್ಟರ್ನ್ ಫೈನಲ್‌ನಲ್ಲಿ (ಪೂರ್ವ ವಿಭಾಗದ ಫೈನಲ್, ನಾಲ್ಕು ಪಂದ್ಯ ಗೆದ್ದವರಿಗೆ ಸರಣಿ) ಟೊರಾಂಟೊ ಮೇಲೆ 2-0 ಮುಂದಿತ್ತು. ಆಮೇಲೆ ಸಾಲಾಗಿ ನಾಲ್ಕು ಸೋಲು. ಟೊರಾಂಟೊದವರು ಮಾಡಿದ್ದು ಸುಲಭದ ಲೆಕ್ಕ. ಯಾನಿಸ್ ಒಳಗೆ ನುಗ್ಗುವ ದಾರಿಯಲ್ಲಿ ಕವಾಯ್ ಲೆನಾರ್ಡ್, ಅವನ ಹಿಂದೆ ಇನ್ನೊಬ್ಬ, ಪಕ್ಕದಲ್ಲಿ ಮತ್ತೊಬ್ಬ. ಗೋಡೆ ಥರ. ಆ ಗೋಡೆಗೆ ಜನ ಎಲ್ಲಿಂದ ಬಂದರು? ಬ್ಲೆಡ್ಸೋನನ್ನು ಕಾಯೋದು ಬಿಟ್ಟು ಬಂದರು. "ಹೊಡಿ, ನೋಡೋಣ" ಅಂತ ಬಿಟ್ಟರು. ಅವನ ಶಾಟ್ ಬೀಳಲಿಲ್ಲ. ಮುಂದಿನ ವರ್ಷ ಮಯಾಮಿ ಅದೇ ಮಾಡಿ 4-1ರಲ್ಲಿ ಮನೆಗೆ ಕಳಿಸಿತು.

ಅದಕ್ಕೇ ಮೊದಲ ಪ್ರಶ್ನೆ: ಸ್ಟಾರ್ ಕೈಯಲ್ಲಿ ಬಾಲ್ ಇದ್ದಾಗ ಎದುರಾಳಿ ಯಾರನ್ನು ಬಿಟ್ಟು ಬರುತ್ತಾನೆ? ಉತ್ತರ ನಿಮ್ಮ ಪಾಯಿಂಟ್ ಗಾರ್ಡ್ ಆಗಿದ್ದರೆ ಪ್ಲೇಆಫ್‌ನಲ್ಲಿ (ಸೀಸನ್ ಕೊನೆಯ ನಾಕೌಟ್ ಸರಣಿಗಳಲ್ಲಿ) ಕಷ್ಟ.

ಮಂಡ್ಯ ಹುಡುಗ

ಇದನ್ನೇ ಅಲ್ವಾ ನಾನೂ ಹೇಳ್ತಿರೋದು? ಲಿಲ್ಲರ್ಡ್‌ನನ್ನು ಯಾರೂ ಬಿಟ್ಟು ಬರೋಕೆ ಆಗಲ್ಲ. ಅರ್ಧ ಕೋರ್ಟ್ ದಾಟಿದ ಕೂಡಲೇ ಕಾಯಬೇಕು. ಬ್ಲೆಡ್ಸೋ ಶೂಟಿಂಗೂ ಇಲ್ಲ, ಡಿಫೆನ್ಸೂ ಇಲ್ಲ, ಅವನಿಗೆ ಹೋಲಿಸಿದರೆ ಲಿಲ್ಲರ್ಡ್ ಚಿನ್ನ.

ಹಳೇ ಸ್ಕೋರ್‌ಬುಕ್

ಒಂದು ತಿದ್ದುಪಡಿ. ಬ್ಲೆಡ್ಸೋಗೆ ಡಿಫೆನ್ಸ್ ಇಲ್ಲ ಅನ್ನಬೇಡಿ. 2019ರಲ್ಲಿ ಆಲ್-ಡಿಫೆನ್ಸಿವ್ ಫಸ್ಟ್ ಟೀಮ್‌ನಲ್ಲಿದ್ದ, ಅಂದರೆ ಲೀಗ್‌ನ ಅತ್ಯುತ್ತಮ ಡಿಫೆಂಡರ್‌ಗಳ ಪಟ್ಟಿಯಲ್ಲಿ. ಅವನ ತೊಂದರೆ ಶೂಟಿಂಗ್ ಮಾತ್ರ.

ಮಂಡ್ಯ ಹುಡುಗ

ಸರಿ ಸರ್, ಒಪ್ಪಿದೆ. ಮಾತು ವಾಪಸ್.

ಫ್ರೀಮಾಂಟ್ ಕನ್ನಡಿಗ

ನಾನು ತಮ್ಮನ ಪರ. ಎರಡು ಸೀಸನ್ ನೋಡಿ ತೀರ್ಪು ಕೊಡುವ ಮುಂಚೆ ಆ ಎರಡು ಸೀಸನ್‌ನಲ್ಲಿ ನಿಜವಾಗಿ ಏನಾಯಿತು ಅಂತ ನೋಡಿ.

2024ರ ಪ್ಲೇಆಫ್. ಇಂಡಿಯಾನಾ ವಿರುದ್ಧ ಯಾನಿಸ್ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ, ಮೀನಖಂಡದ ಗಾಯ. ಲಿಲ್ಲರ್ಡ್ ಮೊದಲ ಪಂದ್ಯದ ಫಸ್ಟ್ ಹಾಫ್‌ನಲ್ಲೇ 35 ಹೊಡೆದ. ಆಮೇಲೆ ಅವನಿಗೂ ಹಿಮ್ಮಡಿ ನೋವು, ಎರಡು ಪಂದ್ಯ ಹೊರಗೆ. 2025ರ ಮಾರ್ಚ್‌ನಲ್ಲಿ ಅವನ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತು. ಅದರಿಂದ ಎದ್ದು ಬಂದು ಮತ್ತೆ ಇಂಡಿಯಾನಾ ವಿರುದ್ಧ ಆಡಿದ. ನಾಲ್ಕನೇ ಪಂದ್ಯದಲ್ಲಿ ಹಿಮ್ಮಡಿಯ ಸ್ನಾಯುರಜ್ಜುವೇ ಹರಿದುಹೋಯಿತು. ಇಬ್ಬರೂ ಪೂರ್ತಿ ಆರೋಗ್ಯವಾಗಿ ಒಂದು ಪ್ಲೇಆಫ್ ಸರಣಿಯನ್ನೂ ಒಟ್ಟಿಗೆ ಆಡಲಿಲ್ಲ. ಎರಡು ಸೀಸನ್‌ನಲ್ಲೂ ಪಂದ್ಯಕ್ಕೆ 24ಕ್ಕಿಂತ ಜಾಸ್ತಿ ಪಾಯಿಂಟ್ ಹೊಡೆದವನ ಮೇಲೆ ತಪ್ಪು ಹೊರಿಸೋದು ನನಗೆ ಸರಿ ಕಾಣಲ್ಲ. 2024ರ ಡಿಸೆಂಬರ್‌ನಲ್ಲಿ ಇದೇ ಜೋಡಿ ಒಕ್ಲಹೋಮಾವನ್ನು 97-81ರಲ್ಲಿ ಸೋಲಿಸಿ ಎನ್‌ಬಿಎ ಕಪ್ (ಸೀಸನ್ ಮಧ್ಯದ ಪಂದ್ಯಾವಳಿ) ತಂದಿತು. ಅದೇ ಒಕ್ಲಹೋಮಾ ಆ ಸೀಸನ್‌ನ ಚಾಂಪಿಯನ್.

ಜಯನಗರ ಜಂಪರ್

ಗಾಯದ ಮಾತು ಪೂರ್ತಿ ನಿಜ. ಆ ನಾಲ್ಕನೇ ಪಂದ್ಯ ನೋಡುತ್ತಾ ನಾವಿಬ್ಬರೂ ಸುಮ್ನೆ ಕೂತುಬಿಟ್ಟೆವು, ಕಾಫಿ ಆರಿಹೋಯಿತು. ಆದರೆ ನನ್ನ ಪ್ರಶ್ನೆ ಗಾಯಕ್ಕಿಂತ ಮುಂಚಿನದು. ಲಿಲ್ಲರ್ಡ್ ಬಂದ ಮೊದಲ ಸೀಸನ್‌ನಲ್ಲೇ ಬಕ್ಸ್ ಡಿಫೆನ್ಸ್ ಲೀಗ್‌ನ ಕೆಳಗಿನ ಅರ್ಧಕ್ಕೆ ಜಾರಿತು. ಕೋಚ್ ಅಡ್ರಿಯನ್ ಗ್ರಿಫಿನ್‌ನನ್ನು 30 ಗೆಲುವು, 13 ಸೋಲು ಇದ್ದಾಗಲೇ ತೆಗೆದುಹಾಕಿದರು. ಅಷ್ಟು ಗೆದ್ದ ಕೋಚನ್ನು ಯಾರಾದರೂ ತೆಗೀತಾರಾ? ಒಳಗೆ ಏನೋ ಸರಿ ಇರಲಿಲ್ಲ. ಹಾಲಿಡೇ ಇದ್ದಾಗ ಎದುರಾಳಿಯ ಗಾರ್ಡ್ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತಿದ್ದ. ಆಮೇಲೆ ಅವನು ನೇರ ಬುಟ್ಟಿ ಕಾಯುವ ನಮ್ಮ ಸೆಂಟರ್ ಬ್ರೂಕ್ ಲೋಪೆಜ್ ಮುಂದೆ ಬಂದು ನಿಲ್ಲೋಕೆ ಶುರುವಾಯಿತು.

ಕರಾವಳಿ ಕೋಚ್

ಒಳ್ಳೆ ಚರ್ಚೆ ಮಾರಾಯರೆ. ನಾನು ಶಾಲೆ, ಪಿಯು ಮಕ್ಕಳಿಗೆ ಹದಿನೈದು ವರ್ಷದಿಂದ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತಿದ್ದೇನೆ. ಎನ್‌ಬಿಎ ದೊಡ್ಡದು, ನಮ್ಮದು ಸಿಮೆಂಟ್ ಕೋರ್ಟು. ಆದರೆ ಈ ಪ್ರಶ್ನೆ ನನಗೆ ಪ್ರತಿ ಜೂನ್‌ನಲ್ಲಿ ಬರುತ್ತದೆ.

ಈ ವರ್ಷ ನನ್ನ ಹುಡುಗಿಯರ ತಂಡದಲ್ಲಿ ಇಬ್ಬರು ಬಹಳ ಚೆನ್ನಾಗಿ ಆಡುವವರು ಇದ್ದಾರೆ. ಒಬ್ಬಳು ಎತ್ತರದ ಸೆಂಟರ್. ಇನ್ನೊಬ್ಬಳು ಎಡಗೈ ಹುಡುಗಿ, ವಿಂಗ್‌ನಿಂದ (ಕೋರ್ಟಿನ ಬದಿಯಿಂದ) ಬುಟ್ಟಿ ಕಡೆ ಕಟ್ ಮಾಡಿದರೆ ತಡೆಯುವವರಿಲ್ಲ. ಪಾಯಿಂಟ್ ಗಾರ್ಡ್ ಜಾಗಕ್ಕೆ ಇಬ್ಬರು ಇದ್ದರು. ಮೊದಲನೆಯವಳ ಡ್ರಿಬಲ್ ನೋಡಲಿಕ್ಕೆ ಜನ ಬಂದು ನಿಲ್ಲುತ್ತಾರೆ. ಎರಡನೆಯವಳು ಏನು ಮಾಡುತ್ತಾಳೆ ಅಂತ ಮೊದಲ ಸಲ ನೋಡಿದವರಿಗೆ ಗೊತ್ತೇ ಆಗುವುದಿಲ್ಲ.

ನಾನು ಒಂದು ಪುಸ್ತಕ ಇಟ್ಟುಕೊಂಡೆ. ಇಬ್ಬರಿಗೂ ನಾಲ್ಕು ನಾಲ್ಕು ಪ್ರಾಕ್ಟೀಸ್ ಮ್ಯಾಚು. ಬರೆದದ್ದು ಒಂದೇ ವಿಷಯ: ಶಾಟ್ ಹೊಡೆಯಲಿಕ್ಕೆ ಸಿಗುವ 24 ಸೆಕೆಂಡ್‌ನಲ್ಲಿ ಸೆಂಟರ್ ಅಥವಾ ಎಡಗೈ ಹುಡುಗಿಯ ಕೈಗೆ ಬಾಲ್ ಸಿಗುವಾಗ ಇನ್ನೂ ಎಷ್ಟು ಸೆಕೆಂಡ್ ಉಂಟು? ನಮ್ಮಲ್ಲಿ ಶಾಟ್ ಕ್ಲಾಕ್ ಇಲ್ಲ, ಅಸಿಸ್ಟೆಂಟ್ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದ. ಮೊದಲನೆಯವಳು ಆಡಿದಾಗ ಹೆಚ್ಚಿನ ಸಲ ಆರೋ ಏಳೋ ಉಳಿಯುತ್ತಿತ್ತು. ಎರಡನೆಯವಳು ಆಡಿದಾಗ ಹದಿಮೂರು, ಹದಿನಾಲ್ಕು. ಏಳು ಸೆಕೆಂಡ್‌ನಲ್ಲಿ ಸೆಂಟರ್ ಏನು ಮಾಡಬಹುದು? ತಿರುಗಿ ಹೊಡೆಯುವುದು ಅಷ್ಟೇ. ಹದಿನಾಲ್ಕು ಇದ್ದರೆ ನೋಡಬಹುದು, ಹೊರಗೆ ಕೊಡಬಹುದು, ಮತ್ತೆ ತೆಗೆದುಕೊಳ್ಳಬಹುದು.

ಎರಡನೆಯವಳನ್ನೇ ಆರಿಸಿದೆ. ಮೊದಲನೆಯವಳ ಅಪ್ಪ ಬಂದು ಬೇಜಾರು ಮಾಡಿಕೊಂಡು ಮಾತಾಡಿ ಹೋದರು. ಅವರಿಗೆ ಆ ಪುಸ್ತಕ ತೋರಿಸಿದೆ.

ಹುಬ್ಬಳ್ಳಿ ಸೆಂಟರ್

ಕೋಚ್ ಸಾಹೇಬ್ರ, ನಿಮಗೆ ಕೈ ಮುಗೀತೀನಿ! ಹನ್ನೆರಡು ವರ್ಷ ಸೆಂಟರ್ ಆಡಿದವನು ನಾನು. ಈ ಮಾತು ಯಾರೂ ಹೇಳೋದಿಲ್ಲ.

ಪೋಸ್ಟ್‌ನಲ್ಲಿ (ಬುಟ್ಟಿ ಹತ್ತಿರ) ನಿಂತವನ ಕಷ್ಟ ಏನು ಅಂದರೆ, ಜಾಗ ಹಿಡಿದಿರೋದು ಒಂದೂವರೆ ಸೆಕೆಂಡ್ ಮಾತ್ರ. ಬೆನ್ನ ಹಿಂದೆ ಒಬ್ಬ ಮೊಣಕಾಲು ಒತ್ತುತ್ತಾ ಇರುತ್ತಾನೆ. ಕೈ ಚಾಚಿ ಗುರಿ ತೋರಿಸಿರುತ್ತೇನೆ. ಆ ಹೊತ್ತಿಗೆ ಬಾಲ್ ಬರಬೇಕು, ಆ ಕೈಗೇ ಬರಬೇಕು. ಡಿಫೆಂಡರ್ ಬಲಗಡೆ ಇದ್ದರೆ ನನ್ನ ಎಡಗೈಗೆ, ನೆಲಕ್ಕೆ ಒಂದು ಸಲ ಬಡಿದು. ಎದೆಗೆ ಕೊಟ್ಟರೆ ಕದಿಯುತ್ತಾರೆ. ಇನ್ನೊಂದು, ನಡು ಟಾಪ್‌ನಿಂದ (ಬುಟ್ಟಿಯ ನೇರ ಎದುರಿನಿಂದ) ಪೋಸ್ಟ್‌ಗೆ ಕೊಡೋದು ಕಷ್ಟ, ಕೋನ ಸರಿ ಇರೋದಿಲ್ಲ. ಒಳ್ಳೆ ಗಾರ್ಡ್ ಎರಡು ಡ್ರಿಬಲ್ ಹಾಕಿ ವಿಂಗ್‌ಗೆ ಇಳಿದು, ಫ್ರೀ ಥ್ರೋ ಗೆರೆಯ ಮಟ್ಟಕ್ಕಿಂತ ಕೆಳಗೆ ಬಂದು ಕೊಡುತ್ತಾನೆ.

ನಮ್ಮ ಕಾಲೇಜ್ ತಂಡದಲ್ಲಿ ಅಂಥ ಒಬ್ಬ ಇದ್ದ. ಅವನು ಆಡಿದ ಎರಡು ವರ್ಷ ನಾನು ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾದೆ. ಅವನು ಓದು ಮುಗಿಸಿ ಹೋದ, ಮರುವರ್ಷ ನಾನೂ ತಂಡದಿಂದ ಹೊರಗೆ. ನನ್ನ ಎತ್ತರ ಅಷ್ಟೇ ಇತ್ತು, ನನ್ನ ಹುಕ್ ಶಾಟ್ ಅಷ್ಟೇ ಇತ್ತು. ಇವತ್ತಿಗೂ ಹಬ್ಬಕ್ಕೆ ಅವನಿಗೆ ಫೋನ್ ಮಾಡುತ್ತೇನೆ.

ಬೆಳಗಿನ ಆರೂವರೆ

ಇದನ್ನು ಓದಿ ಗಂಟಲು ಕಟ್ಟಿತು ಸರ್.

ಪಲ್ಲವಿ ಎಸ್

ತುಮಕೂರು ಥ್ರೀ ಅವರು ಹೇಳಿದ್ದಕ್ಕೆ ಇನ್ನೊಂದು ಉದಾಹರಣೆ, ಇದಂತೂ ತೀರಾ ಈಚಿನದು.

ಒಕ್ಲಹೋಮಾದಲ್ಲಿ ಸ್ಟಾರ್ ಶೇ ಗಿಲ್ಜಸ್-ಅಲೆಕ್ಸಾಂಡರ್ ಪಕ್ಕ ಗಾರ್ಡ್ ಜಾಶ್ ಗಿಡ್ಡಿ ಇದ್ದ. ಪಾಸಿಂಗ್ ಎಷ್ಟು ಚೆನ್ನಾಗಿತ್ತು ಅಂದರೆ ನಾನು ಅವನ ಆಟಕ್ಕೇ ಟಿವಿ ಹಾಕುತ್ತಿದ್ದೆ. ಆದರೆ ಬಾಲ್ ಶೇ ಕೈಯಲ್ಲಿ ಇದ್ದಾಗ ಗಿಡ್ಡಿ ಮೂಲೆಯಲ್ಲಿ ನಿಂತು ಏನು ಮಾಡೋದು? 2024ರ ಪ್ಲೇಆಫ್‌ನಲ್ಲಿ ಡಲ್ಲಾಸ್‌ನವರು ಅವನನ್ನು ಬಿಟ್ಟು ಶೇ ಕಡೆ ಹೋದರು. ಕೊನೆಗೆ ಅವನನ್ನು ಮೊದಲ ಐದರಿಂದ ಇಳಿಸಿದರು, ಸರಣಿ 4-2ರಲ್ಲಿ ಹೋಯಿತು. ಆ ಜೂನ್‌ನಲ್ಲಿ ಗಿಡ್ಡಿಯನ್ನು ಶಿಕಾಗೋಗೆ ಕೊಟ್ಟು ಅಲೆಕ್ಸ್ ಕರುಸೊನನ್ನು ತಂದರು. ಮುಂದಿನ ಸೀಸನ್ 68-14, ಮತ್ತು ಕಪ್.

ಹೆಸರು ನೋಡಿದರೆ ಗಿಡ್ಡಿ ದೊಡ್ಡವನು. ಆದರೆ ಡೆನ್ವರ್ ವಿರುದ್ಧ ಏಳನೇ ಪಂದ್ಯದಲ್ಲಿ ಯೋಕಿಚ್‌ನಂಥ ಏಳಡಿ ಆಳನ್ನು ಕರುಸೊ ಕಾದದ್ದು ನೋಡಿದಿರಾ? ಬೆನ್ನಿಗೆ ಎದೆ ಕೊಟ್ಟು, ಬಾಲ್ ಬರುವ ಮುಂಚೆ ಎದುರಿಗೆ ಬಂದು. ನಾನು ಆ ಪಂದ್ಯ ಎರಡು ಸಲ ನೋಡಿದೆ, ಬರೀ ಅವನನ್ನೇ.

ಹಳೇ ಸ್ಕೋರ್‌ಬುಕ್

ಚೆನ್ನಾಗಿ ಹೇಳಿದಿರಿ ಪಲ್ಲವಿ ಅವರೇ. ಒಂದೇ ಮಾತು ಸೇರಿಸುತ್ತೇನೆ: ಕರುಸೊ ಹೆಚ್ಚಾಗಿ ಬೆಂಚ್‌ನಿಂದ ಬರುತ್ತಿದ್ದ. ಅಲ್ಲಿ ಪಾಯಿಂಟ್ ಗಾರ್ಡ್ ಕೆಲಸ ಮಾಡುತ್ತಿದ್ದವನು ಶೇ ತಾನೇ. ಅಂದರೆ ಸ್ಟಾರೇ ಬಾಲ್ ನಡೆಸುವವನಾದರೆ ಪಕ್ಕದ ಗಾರ್ಡ್‌ಗೆ ಬೇರೆ ಕೆಲಸ.

ಇದು ಹಳೇ ಪದ್ಧತಿ. ಜೋರ್ಡನ್-ಪಿಪ್ಪನ್ ಇದ್ದ ಬುಲ್ಸ್‌ನಲ್ಲಿ ಮೊದಲು ಪ್ಯಾಕ್ಸನ್, ಆರ್ಮ್‌ಸ್ಟ್ರಾಂಗ್, ಆಮೇಲೆ ರಾನ್ ಹಾರ್ಪರ್, ಸ್ಟೀವ್ ಕರ್. ಬಾಲ್ ನಡೆಸೋದು ಪಿಪ್ಪನ್. ಶಕೀಲ್-ಕೋಬೆ ಪಕ್ಕ ಡೆರೆಕ್ ಫಿಶರ್. ಲೆಬ್ರಾನ್-ವೇಡ್ ಪಕ್ಕ ಮಾರಿಯೋ ಚಾಲ್ಮರ್ಸ್. 2012ರ ಫೈನಲ್‌ನ ನಾಲ್ಕನೇ ಪಂದ್ಯದಲ್ಲಿ ಲೆಬ್ರಾನ್‌ಗೆ ಕಾಲು ಹಿಡಿದುಕೊಂಡಿತ್ತು. ಅವತ್ತು ಚಾಲ್ಮರ್ಸ್ 25 ಹೊಡೆದ. ಇವರಲ್ಲಿ ಯಾರೂ ಅಸಿಸ್ಟ್ (ಬುಟ್ಟಿಗೆ ಕಾರಣವಾದ ಪಾಸ್) ಪಟ್ಟಿಯ ಮೇಲೆ ಇರುವವರಲ್ಲ. ತಮ್ಮ ಕಡೆ ಬಾಲ್ ಬಂದಾಗ ಹೆದರದೆ ಹೊಡೆಯೋರು, ಬಾರದಿದ್ದಾಗ ಮುಖ ಸಣ್ಣ ಮಾಡಿಕೊಳ್ಳದವರು.

ಮಂಡ್ಯ ಹುಡುಗ

ಹಾಗಾದರೆ ನಿಜವಾದ ಪಾಯಿಂಟ್ ಗಾರ್ಡೇ ಬೇಡ ಅಂತೀರಾ ಸರ್? ಫೀನಿಕ್ಸ್‌ನವರು ಅದನ್ನೇ ಮಾಡಿ ಏನಾದರು?

ಫೀನಿಕ್ಸ್ ಅಭಿಮಾನಿ

ನನ್ನ ಹೆಸರು ಕರೆದ ಹಾಗಾಯಿತು. ಹೇಳಿಬಿಡುತ್ತೇನೆ.

2019-20ರಲ್ಲಿ ನಾವು 34-39. ಪಾಯಿಂಟ್ ಗಾರ್ಡ್ ಕ್ರಿಸ್ ಪಾಲ್ ಬಂದ. ಮರುವರ್ಷ 51-21, 1993ರ ನಂತರ ಮೊದಲ ಸಲ ಫೈನಲ್. ಅದರ ಮುಂದಿನ ವರ್ಷ 64-18. ನಮ್ಮ ಸ್ಟಾರ್ ಬುಕರ್ ಅದೇ ಬುಕರ್, ಸೆಂಟರ್ ಏಟನ್ ಅದೇ ಏಟನ್. ಏಟನ್‌ಗೆ ಬಾಲ್ ಎಲ್ಲಿ ಬೇಕು, ಯಾವಾಗ ಬೇಕು ಅಂತ ಪಾಲ್‌ಗೆ ಗೊತ್ತಿತ್ತು. ಪಾಲ್ ಪಿಕ್ (ಜೊತೆಯವನು ಡಿಫೆಂಡರ್‌ಗೆ ಅಡ್ಡ ನಿಲ್ಲೋದು) ಬಳಸಿ ಬಲಗಡೆ ಎಲ್ಬೋ (ಫ್ರೀ ಥ್ರೋ ಗೆರೆಯ ಮೂಲೆ) ಹತ್ತಿರ ನಿಲ್ಲುತ್ತಿದ್ದ, ಡಿಫೆಂಡರ್‌ನನ್ನು ಬೆನ್ನ ಮೇಲೆ ಹೊತ್ತುಕೊಂಡ ಹಾಗೆ. ಆಮೇಲೆ ಬೇಕಾದ್ದು ಆರಿಸುತ್ತಿದ್ದ.

2023ರಲ್ಲಿ ಅವನನ್ನು ಕಳಿಸಿ ಬ್ರಾಡ್ಲಿ ಬೀಲ್ ತಂದರು. ಡುರಾಂಟ್, ಬುಕರ್, ಬೀಲ್. ಮೂವರೂ ಹೊಡೆಯುವವರು, ಮೂವರೂ ತಮ್ಮ ಜಾಗದಲ್ಲಿ ನಿಂತು ಬಾಲ್ ಕೇಳುವವರು. ಬುಕರ್‌ನನ್ನೇ ಪಾಯಿಂಟ್ ಗಾರ್ಡ್ ಮಾಡಿದರು. 49 ಗೆದ್ದೆವು, ಆದರೆ ಮಿನೆಸೋಟಾ ಮೊದಲ ಸುತ್ತಲ್ಲೇ 4-0ರಲ್ಲಿ ಗುಡಿಸಿಹಾಕಿತು. ನಾಲ್ಕನೇ ಕ್ವಾರ್ಟರ್ ಬಂತು ಅಂದರೆ ನನ್ನ ಹೊಟ್ಟೆಯಲ್ಲಿ ಸಂಕಟ. ಒಬ್ಬ ಹೊಡೀತಾನೆ, ಉಳಿದವರು ನೋಡ್ತಾರೆ.

ಆದ್ದರಿಂದ "ಪಾಯಿಂಟ್ ಗಾರ್ಡ್ ಬೇಡ" ಅನ್ನೋದು ಲೆಬ್ರಾನ್ ಥರದವನು ಇದ್ದಾಗ ಮಾತ್ರ ಸರಿ. 2019-20ರಲ್ಲಿ ಅವನೇ ಲೀಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ, ಪಂದ್ಯಕ್ಕೆ 10.2 ಅಸಿಸ್ಟ್ ಕೊಟ್ಟ.

ತುಮಕೂರು ಥ್ರೀ

ಆದರೆ ಮಿನೆಸೋಟಾ ಮೇಲೆ ಸೋತ ಮರುವರ್ಷ ನಿಮ್ಮವರು ಟೈಯಸ್ ಜೋನ್ಸ್ ತಂದರಲ್ಲ? ಅವನು ಅಚ್ಚ ಪಾಯಿಂಟ್ ಗಾರ್ಡ್. ವಾಷಿಂಗ್ಟನ್‌ನಲ್ಲಿ 2023-24ರಲ್ಲಿ ಒಂದು ಟರ್ನೋವರ್‌ಗೆ (ಬಾಲ್ ಕಳೆದುಕೊಳ್ಳೋದು) 7ಕ್ಕಿಂತ ಜಾಸ್ತಿ ಅಸಿಸ್ಟ್ ಕೊಟ್ಟವನು.

ಫೀನಿಕ್ಸ್ ಅಭಿಮಾನಿ

ತಂದರು. ನಾನೂ ಹಬ್ಬ ಮಾಡಿದೆ. 8-1 ಅಂತ ಶುರುವಾಯಿತು, 36-46ಕ್ಕೆ ಮುಗಿಯಿತು. ಪ್ಲೇ-ಇನ್‌ಗೂ (ಪ್ಲೇಆಫ್ ಕೊನೆಯ ಜಾಗಗಳಿಗಾಗಿ ನಡೆಯೋ ಪಂದ್ಯಗಳು) ಹೋಗಲಿಲ್ಲ.

ಜೋನ್ಸ್ ಬಾಲ್ ಕಳೆಯುತ್ತಿರಲಿಲ್ಲ, ಅದು ನಿಜ. ಆದರೆ ಅವನು ಆರಡಿ ಆಸುಪಾಸಿನ ಆಳು. ಬುಕರ್, ಬೀಲ್ ಪಕ್ಕ ಅವನನ್ನೂ ನಿಲ್ಲಿಸಿದರೆ ಎದುರಿನ ಗಾರ್ಡ್‌ಗಳನ್ನು ತಡೆಯೋರು ಯಾರು? ನಮ್ಮಲ್ಲಿ ಬಾಲ್ ಸರಿಯಾಗಿ ಕೊಡುವವನೂ ಬೇಕಿತ್ತು, ತಡೆಯುವವನೂ ಬೇಕಿತ್ತು. ಎರಡೂ ಒಬ್ಬನಲ್ಲೇ ಇರುವ ಆಟಗಾರ ಕನಿಷ್ಠ ಸಂಬಳಕ್ಕೆ ಸಿಗಲ್ಲ. ಮೂವರು ಸ್ಟಾರ್‌ಗಳ ಸಂಬಳ ಕೊಟ್ಟ ಮೇಲೆ ಕೈಯಲ್ಲಿ ಉಳಿದಿದ್ದು ಅದೇ.

ಫ್ರೀಮಾಂಟ್ ಕನ್ನಡಿಗ

ಈ ದುಡ್ಡಿನ ಮಾತು ಬಹಳ ಮುಖ್ಯ. ಹಾಲಿಡೇಗೆ ಬಕ್ಸ್ ಎಷ್ಟು ಕೊಟ್ಟಿತು ಅಂತ ನೆನಪಿದೆಯಾ? 2020ರ ನವೆಂಬರ್‌ನಲ್ಲಿ ಬ್ಲೆಡ್ಸೋ, ಜಾರ್ಜ್ ಹಿಲ್, ಮೂರು ಫಸ್ಟ್ ರೌಂಡ್ ಪಿಕ್ (ಹೊಸ ಆಟಗಾರರನ್ನು ಆರಿಸುವ ಸರದಿ), ಅದರ ಮೇಲೆ ಎರಡು ಸಲ ಸರದಿ ಬದಲಿಸಿಕೊಳ್ಳುವ ಹಕ್ಕು. ಆಗ ಅವನು ಆಲ್-ಸ್ಟಾರ್ ಆಗಿದ್ದು ಒಂದೇ ಸಲ, 2013ರಲ್ಲಿ. "ಇಷ್ಟೊಂದು ಕೊಟ್ಟರಾ" ಅಂತ ಇಲ್ಲಿ ನನ್ನ ಆಫೀಸ್‌ನಲ್ಲಿ ಎಲ್ಲರೂ ಬಾಯಿ ಬಿಟ್ಟರು. ನಾನೂ ಸೇರಿ.

ಜಯನಗರ ಜಂಪರ್

ಹೌದು, ಆ ಬೆಲೆ ಪೂರ್ತಿ ವಸೂಲಾಯಿತು. 2021ರ ಫೈನಲ್ ನೋಡಿ. ನಾಲ್ಕನೇ ಪಂದ್ಯದಲ್ಲಿ ಹಾಲಿಡೇ 20 ಶಾಟ್‌ನಲ್ಲಿ ಬಿದ್ದದ್ದು 4. ಪೇಪರ್ ನೋಡಿದವರು ಬೈದರು. ಆದರೆ ಅವತ್ತು ಕ್ರಿಸ್ ಪಾಲ್ ಹೊಡೆದದ್ದು 10 ಪಾಯಿಂಟ್, ಟರ್ನೋವರ್ 5. ಅರ್ಧ ಕೋರ್ಟ್ ದಾಟುವ ಮುಂಚೆಯೇ ಹಾಲಿಡೇ ಅವನ ಮೇಲೆ ಹತ್ತಿ ನಿಂತಿದ್ದ. ಕೊನೆಯ ನಿಮಿಷದಲ್ಲಿ ಪಾಲ್ ಜಾರಿ ಬಾಲ್ ಬಿಟ್ಟ ಜಾಗದಲ್ಲೂ ಎದುರಿಗೆ ಇದ್ದವನು ಹಾಲಿಡೇ. 109-103.

ಐದನೇ ಪಂದ್ಯ ನಮಗೆ ಭಾನುವಾರ ಬೆಳಿಗ್ಗೆ. ಅಮ್ಮ ದೋಸೆ ಹಾಕುತ್ತಿದ್ದರು. ಬಕ್ಸ್ 120, ಫೀನಿಕ್ಸ್ 119. ಬುಕರ್ ಒಳಗೆ ಬಂದ, ತಿರುಗಿದ. ಅಲ್ಲೇ ಕಾದಿದ್ದ ಹಾಲಿಡೇ ಬಾಲ್ ಕಿತ್ತುಕೊಂಡ. ಹದಿನಾರು ಸೆಕೆಂಡ್ ಬಾಕಿ. ಯಾರಾದರೂ ಬಾಲ್ ಹಿಡಿದು ನಿಲ್ಲುತ್ತಾರೆ, ಫೌಲ್ ಮಾಡಲಿ ಅಂತ. ಇವನು ಓಡುತ್ತಾ ಓಡುತ್ತಾ ಯಾನಿಸ್ ಬರುತ್ತಿರೋದು ನೋಡಿ ಮೇಲಕ್ಕೆ ಎಸೆದ. ಯಾನಿಸ್ ಗಾಳಿಯಲ್ಲೇ ಹಿಡಿದು ಒಳಗೆ ಹಾಕಿದ. ತಮ್ಮ ಕೂಗಿದ ಕೂಗಿಗೆ ಪಕ್ಕದ ಮನೆಯವರು ಏನಾಯ್ತು ಅಂತ ಬಂದರು.

ಆ ಪಂದ್ಯದಲ್ಲಿ ಹಾಲಿಡೇಗೆ 27 ಪಾಯಿಂಟ್, 13 ಅಸಿಸ್ಟ್. ಒಂದು ದಿನ ಹಾಗೆ, ಒಂದು ದಿನ ಹೀಗೆ. ಎರಡೂ ದಿನ ಗೆದ್ದೆವು.

ಬೆಳಗಿನ ಆರೂವರೆ

ಆ ಸ್ಟೀಲ್ ಆದಾಗ ನಾನು ಬಸ್‌ನಲ್ಲಿದ್ದೆ, ಫೋನ್‌ನಲ್ಲಿ ಸ್ಕೋರ್ ಮಾತ್ರ ಬರುತ್ತಿತ್ತು. 120-119 ಅಂತ ಎಷ್ಟೋ ಹೊತ್ತು ಹಾಗೇ ನಿಂತಿತ್ತು. ಆಮೇಲೆ ಒಂದೇ ಸಲ 122. ಅಂದಹಾಗೆ ಬೆಂಗಳೂರಿನಲ್ಲಿ ಬೆಳಿಗ್ಗೆ ಪಂದ್ಯ ಒಟ್ಟಿಗೆ ನೋಡುವ ಗುಂಪು ಏನಾದರೂ ಇದೆಯಾ? ಒಬ್ಬನೇ ನೋಡಿ ಸಾಕಾಗಿದೆ.

ಪಲ್ಲವಿ ಎಸ್

ಗುಂಪು ಇಲ್ಲದಿದ್ದರೆ ಮಾಡೋಣ. ನಾನು ಬರುತ್ತೇನೆ, ಫ್ಲಾಸ್ಕ್‌ನಲ್ಲಿ ಕಾಫಿ ತರುತ್ತೇನೆ.

ಬೆಂಗಳೂರು ಅಂದಾಗ ನೆನಪಾಯಿತು. 2019ರಲ್ಲಿ ಮಹಿಳೆಯರ ಏಷ್ಯಾ ಕಪ್ ಫೈನಲ್ ಕಂಠೀರವ ಒಳಾಂಗಣದಲ್ಲೇ ಆಯಿತು. ಜಪಾನ್, ಚೀನಾ. ನಾನು ಅಲ್ಲಿದ್ದೆ. ಚೀನಾದವರು ಎತ್ತರದಲ್ಲಿ ಎಷ್ಟೋ ಮೇಲು, ವಾರ್ಮ್-ಅಪ್‌ನಲ್ಲೇ ಗೊತ್ತಾಗುತ್ತಿತ್ತು. ಜಪಾನ್‌ನ ಪಾಯಿಂಟ್ ಗಾರ್ಡ್ ನಾಕೊ ಮೊಟೊಹಾಶಿ ನನಗಿಂತ ಸ್ವಲ್ಪ ಎತ್ತರ ಇರಬಹುದು ಅಷ್ಟೇ. ಅವಳು ಆಟವನ್ನು ಓಡಿಸಿದ ಪರಿ ನೋಡಬೇಕಿತ್ತು. ರೀಬೌಂಡ್ ಕೈಗೆ ಬಂದ ಕೂಡಲೇ ಓಟ. ಚೀನಾದ ದೊಡ್ಡ ಆಟಗಾರ್ತಿಯರು ಇನ್ನೂ ತಿರುಗುತ್ತಿರುತ್ತಾರೆ, ಇವಳು ಆಗಲೇ ಮುಂದೆ. 71-68. ಜಪಾನ್‌ಗೆ ಸಾಲಾಗಿ ನಾಲ್ಕನೇ ಕಪ್, ಅವಳೇ ಎಂವಿಪಿ, ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿ. ನನ್ನ ಪಕ್ಕ ಕೂತಿದ್ದ ಶಾಲೆ ಹುಡುಗಿಯರು ಅವತ್ತು ಮೆಟ್ಟಿಲು ಇಳಿಯುವಾಗ ಅವಳ ಡ್ರಿಬಲ್ ಮಾಡಿ ತೋರಿಸುತ್ತಿದ್ದರು, ಕೈಯಲ್ಲಿ ಬಾಲ್ ಇಲ್ಲದೆ.

ಕರಾವಳಿ ಕೋಚ್

ಇದು ನನಗೆ ಬೇಕಾದ ಉದಾಹರಣೆ. ನಿಮ್ಮ ಸ್ಟಾರ್ ಓಡುವವರಾದರೆ ಓಡಿಸುವವಳು ಬೇಕು. ನಿಂತು ಆಡುವವರಾದರೆ ಕಾದು ಕೊಡುವವಳು ಬೇಕು. ಸ್ಟಾರ್ ಯಾರು ಅಂತ ನೋಡದೆ ಒಳ್ಳೆ ಪಾಯಿಂಟ್ ಗಾರ್ಡ್ ಯಾರು ಅಂತ ಕೇಳಿದರೆ ಉತ್ತರ ಇಲ್ಲ.

ಹಳೇ ಸ್ಕೋರ್‌ಬುಕ್

ಬಕ್ಸ್ ಅಭಿಮಾನಿಗಳಿಗೆ ಒಂದು ಹಳೇ ವಿಷಯ. 2021ಕ್ಕೆ ಮುಂಚೆ ಬಕ್ಸ್ ಕಪ್ ಗೆದ್ದದ್ದು 1971ರಲ್ಲಿ. ಆಗಲೂ ಒಬ್ಬ ದೈತ್ಯ ಇದ್ದ, ಕರೀಮ್. ಆಗಿನ್ನೂ ಲೂ ಅಲ್ಸಿಂಡರ್ ಅಂತ ಹೆಸರು. 1970ರಲ್ಲಿ ಅವನ ಪಕ್ಕ ಸಿನ್ಸಿನಾಟಿಯಿಂದ ಆಸ್ಕರ್ ರಾಬರ್ಟ್‌ಸನ್‌ನನ್ನು ತಂದರು. ಮರುವರ್ಷ 66-16, ಫೈನಲ್‌ನಲ್ಲಿ ಬಾಲ್ಟಿಮೋರ್ ಮೇಲೆ 4-0. ಆಸ್ಕರ್ ಅಷ್ಟು ಹೊತ್ತಿಗೆ ಲೀಗ್‌ನ ದೊಡ್ಡ ದೊಡ್ಡ ಸ್ಕೋರರ್‌ಗಳಲ್ಲಿ ಒಬ್ಬ. ಬಂದ ಮೇಲೆ ತಾನು ಹೊಡೆಯೋದು ಕಮ್ಮಿ ಮಾಡಿ ಕರೀಮ್‌ಗೆ ಕೊಟ್ಟ.

ಹಾಗಾಗಿ, ಮಂಡ್ಯ ಹುಡುಗ, ದೊಡ್ಡ ಹೆಸರಿನ ಗಾರ್ಡ್ ಬೇಡವೇ ಬೇಡ ಅಂತ ನಾನು ಹೇಳಲ್ಲ. ಬಂದವನು ಏನು ಬಿಟ್ಟುಕೊಡೋಕೆ ತಯಾರಿದ್ದಾನೆ ಅಂತ ನೋಡಬೇಕು.

ಮಂಡ್ಯ ಹುಡುಗ

ಸರ್, ಲಿಲ್ಲರ್ಡ್ ಬಿಟ್ಟುಕೊಡಲಿಲ್ಲ ಅಂತ ಹೇಳೋಕೆ ನನಗೆ ಮನಸ್ಸು ಬರಲ್ಲ. ಪೋರ್ಟ್‌ಲ್ಯಾಂಡ್‌ನಲ್ಲಿ ಹನ್ನೊಂದು ಸೀಸನ್ ಬಾಲ್ ಅವನ ಕೈಯಲ್ಲೇ ಇತ್ತು. ಮಿಲ್ವಾಕೀಯಲ್ಲಿ ಯಾನಿಸ್ ಜೊತೆ ಪಿಕ್ ಅಂಡ್ ರೋಲ್ ಚೆನ್ನಾಗಿ ನಡೆದ ದಿನ ತಡೆಯೋರೇ ಇರಲಿಲ್ಲ. ಆದರೆ ಅದು ಪ್ರತಿ ದಿನ ಬರಲಿಲ್ಲ. ಇಬ್ಬರೂ ಸರದಿ ಮೇಲೆ ಆಡಿದ ಹಾಗಿತ್ತು ಎಷ್ಟೋ ಪಂದ್ಯ. ಇದನ್ನು ಒಪ್ಪುತ್ತೇನೆ.

ಫ್ರೀಮಾಂಟ್ ಕನ್ನಡಿಗ

ಇನ್ನೊಂದು ವರ್ಷ ಸಿಕ್ಕಿದ್ದರೆ ಕೂಡಿಕೊಳ್ಳುತ್ತಿದ್ದರು. ಡೆನ್ವರ್‌ನಲ್ಲಿ ಯೋಕಿಚ್-ಮರ್ರೆ ಜೋಡಿ ಒಂದು ದಿನದಲ್ಲಿ ಆಗಿದ್ದಲ್ಲ. ವರ್ಷಗಟ್ಟಲೆ ಅದೇ ಎರಡು ಹೆಜ್ಜೆ, ಕೈಯಿಂದ ಕೈಗೆ ಅದೇ ಹ್ಯಾಂಡ್‌ಆಫ್. 2023ರ ಫೈನಲ್‌ನ ಮೊದಲ ನಾಲ್ಕೂ ಪಂದ್ಯದಲ್ಲಿ ಮರ್ರೆಗೆ ಹತ್ತು ಅಥವಾ ಜಾಸ್ತಿ ಅಸಿಸ್ಟ್ ಬಂತು. ಆಯ್ಕೆ ಸರಿ ಇದ್ದರೂ ಕಾಲ ಬೇಕು.

ತುಮಕೂರು ಥ್ರೀ

ಕಾಲ ಬೇಕು, ಸರಿ. ಆದರೆ ಹಾಲಿಡೇಗೆ ಬಾಸ್ಟನ್‌ನಲ್ಲಿ ಎಷ್ಟು ಕಾಲ ಬೇಕಾಯಿತು? 2023ರ ಅಕ್ಟೋಬರ್ 1ಕ್ಕೆ ಬಂದ, 2024ರ ಜೂನ್‌ನಲ್ಲಿ ಕಪ್. ಮಿಲ್ವಾಕೀಯಲ್ಲಿ ಕೊನೆಯ ಸೀಸನ್ ಪಂದ್ಯಕ್ಕೆ 19.3 ಹೊಡೆಯುತ್ತಿದ್ದವನು ಅಲ್ಲಿ 12.5ಕ್ಕೆ ಇಳಿದ. ಮೂಲೆಯಲ್ಲಿ ನಿಂತು ಬಂದ ಬಾಲ್ ಹೊಡೆದ, ಮೂರು ಪಾಯಿಂಟ್ ಶಾಟ್ 42.9 ಪರ್ಸೆಂಟ್. ಅಲ್ಲಿನ ಸ್ಟಾರ್‌ಗಳಾದ ಟೇಟಮ್-ಬ್ರೌನ್ ಕೈಯಿಂದ ಒಂದು ಶಾಟ್ ಕಿತ್ತುಕೊಳ್ಳಲಿಲ್ಲ. ಫೈನಲ್‌ನ ಎರಡನೇ ಪಂದ್ಯದಲ್ಲಿ ಬೇಕಾದಾಗ 26 ಹೊಡೆದು 11 ರೀಬೌಂಡ್ ಹಿಡಿದ.

ಹುಬ್ಬಳ್ಳಿ ಸೆಂಟರ್

12.5. ಅದೇ ನೋಡಿ. ಇಷ್ಟು ಆಡಬಲ್ಲವನು ಅಷ್ಟಕ್ಕೆ ಒಪ್ಪಿದ್ದು.

ಕರಾವಳಿ ಕೋಚ್

ಶನಿವಾರದ ಸುದ್ದಿ ಹೇಳುತ್ತೇನೆ, ನಮ್ಮ ಹುಡುಗಿಯರದ್ದು. ತಾಲೂಕು ಪಂದ್ಯ ಇತ್ತು. ಎರಡನೆಯವಳನ್ನೇ ಪಾಯಿಂಟ್ ಆಡಿಸಿದೆ. ಎದುರಿನವರು ಸೆಂಟರ್ ಮೇಲೆ ಇಬ್ಬರನ್ನು ಹಾಕಿದರು, ಇವಳನ್ನು ಪೂರ್ತಿ ಬಿಟ್ಟರು. ಮೊದಲ ಎರಡು ಶಾಟ್ ರಿಂಗಿಗೂ ತಾಗಲಿಲ್ಲ. ಟೈಮ್ ಔಟ್‌ನಲ್ಲಿ ಕಣ್ಣಲ್ಲಿ ನೀರು. ತುಮಕೂರು ಥ್ರೀ ಬರೆದದ್ದು ನೆನಪಾಯಿತು, ಬ್ಲೆಡ್ಸೋ ಕಥೆ ನಮ್ಮ ಕೋರ್ಟಿಗೇ ಬಂತಲ್ಲ ಅಂತ.

ಡ್ರಿಬಲ್ ಹುಡುಗಿಯನ್ನೂ ಒಳಗೆ ತಂದೆ, ಇಬ್ಬರನ್ನೂ ಒಟ್ಟಿಗೆ. ಬಾಲ್ ತರುವುದು ಅವಳು, ಪೋಸ್ಟ್‌ಗೆ ಕೊಡುವುದು ಇವಳು. ನಾನು ಅದನ್ನು ಪ್ರಾಕ್ಟೀಸ್‌ನಲ್ಲಿ ಒಂದು ದಿನವೂ ಮಾಡಿಸಿರಲಿಲ್ಲ. ಆರು ಪಾಯಿಂಟ್‌ನಲ್ಲಿ ಗೆದ್ದೆವು. ಆ ಅಪ್ಪ ಬೇಲಿ ಹತ್ತಿರ ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಇಬ್ಬರಿಗೂ. ಈಗ ಪ್ರತಿ ಸಂಜೆ ಇವಳಿಗೆ ನೂರು ಶಾಟ್.

ಬೆಳಗಿನ ಆರೂವರೆ

ಭಲೇ! ಮುಂದಿನ ಪಂದ್ಯ ಯಾವಾಗ ಅಂತ ಹೇಳಿ ಕೋಚ್.

ಜಯನಗರ ಜಂಪರ್

ಎಲ್ಲರಿಗೂ ಧನ್ಯವಾದ. ಇಡೀ ಚರ್ಚೆಯನ್ನು ತಮ್ಮನಿಗೆ ಓದಿಸಿದೆ. ಕೋಚ್ ಅವರ ಎಣಿಕೆ ಅವನಿಗೆ ತುಂಬಾ ಹಿಡಿಸಿತು. ನಿನ್ನೆ ರಾತ್ರಿ ಇಬ್ಬರೂ ಕೂತು 2021ರ ಐದನೇ ಪಂದ್ಯವನ್ನೂ 2024ರ ಒಂದು ಪಂದ್ಯವನ್ನೂ ಹಾಕಿ, ಯಾನಿಸ್ ಕೈಗೆ ಬಾಲ್ ಬರುವಾಗ ಎಷ್ಟು ಸೆಕೆಂಡ್ ಇದೆ ಅಂತ ಬರೆದೆವು. ಮೊದಲ ಎರಡು ಕ್ವಾರ್ಟರ್ ಮಾತ್ರ ಆಗಿದೆ, ಪೂರ್ತಿ ಆದ ಮೇಲೆ ಇಲ್ಲೇ ಹಾಕುತ್ತೇವೆ.

ತಮ್ಮ ಒಂದು ಮಾತು ಹೇಳಿದ, ನನಗೆ ಹೊಳೆದಿರಲಿಲ್ಲ. 2025ರ ಬೇಸಿಗೆಯಲ್ಲಿ ಬಾಸ್ಟನ್ ಹಾಲಿಡೇನನ್ನು ಪೋರ್ಟ್‌ಲ್ಯಾಂಡ್‌ಗೆ ಕಳಿಸಿತು. ಬಕ್ಸ್ ಬಿಟ್ಟ ಮೇಲೆ ಲಿಲ್ಲರ್ಡ್ ಕೂಡ ವಾಪಸ್ ಪೋರ್ಟ್‌ಲ್ಯಾಂಡ್‌ಗೇ ಹೋದ. ಒಬ್ಬನ ಬದಲು ಒಬ್ಬ ಅಂತ ಕೈ ಬದಲಾದ ಇಬ್ಬರೂ ಆ ಬೇಸಿಗೆಯಲ್ಲಿ ಒಂದೇ ಡ್ರೆಸಿಂಗ್ ರೂಮ್‌ಗೆ ಬಂದರು. "ಇಬ್ಬರನ್ನೂ ಒಟ್ಟಿಗೆ ಆಡಿಸ್ತಾರೆ, ಕೋಚ್ ಅವರ ಹುಡುಗಿಯರ ಥರ" ಅಂತಾನೆ. ಲಿಲ್ಲರ್ಡ್ ಕಾಲು ವಾಸಿಯಾಗಿ ಕೋರ್ಟಿಗೆ ಇಳಿಯೋ ದಿನ ನಾವಿಬ್ಬರೂ ಬೆಳಿಗ್ಗೆ ಎದ್ದು ನೋಡುತ್ತೇವೆ.

ಪಲ್ಲವಿ ಎಸ್

ಹಾಗಾದರೆ ಗುಂಪಿನ ಮೊದಲ ಪಂದ್ಯ ಅದೇ ಇರಲಿ. ಕಾಫಿ ನನ್ನದು, ದೋಸೆ ನಿಮ್ಮ ಅಮ್ಮನದು.